ಸುಟ್ಟ ಊರಿನವರು

“ಗುರುಗಳೇ, ನಾನು ಅಗೆದು ತೆಗೆದ ಮಣ್ಣನ್ನು ಬೇರೆ ವಿಭಾಗದವರ ಕೈಗೆ ಕೊಡಲೇಬೇಕೆ?” ಎಂದು ವಿರೂಪಾಕ್ಷಿ ಕೇಳಿದ. ಅವನು ಪುರಾತತ್ತ್ವ ವಿಭಾಗದಲ್ಲಿ ಗುರುಗಳ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದ. “ಬಿಸಿಲಲ್ಲಿ ಬೇಯುವವನು ನಾನು. ಅವರು ಪ್ರಯೋಗಶಾಲೆಯಲ್ಲಿ ಕೂತು, ನಾನು ಹೇಳಿದ್ದೆಲ್ಲ ತಪ್ಪು ಎಂದುಬಿಟ್ಟರೆ?”

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಪುರಾತತ್ತ್ವಜ್ಞನಿದ್ದ. ಹೊಳೆಯ ದಂಡೆಯ ದಿಬ್ಬವೊಂದನ್ನು ಅಗೆದಾಗ ಅವನಿಗೆ ಬಹಳ ಹಿಂದಿನ ಒಂದು ಊರು ಸಿಕ್ಕಿತು. ಎಲ್ಲ ಮನೆಗಳಲ್ಲೂ ಬೂದಿ. ಗೋಡೆಗಳು ಸುಟ್ಟು ಕೆಂಪಾಗಿದ್ದವು. ಹೊಳೆಯಾಚೆಯ ದಿಬ್ಬದಲ್ಲೂ ಒಂದು ಊರಿತ್ತು; ಅಲ್ಲಿ ಬೂದಿಯಿರಲಿಲ್ಲ. ಆಚೆಯವರು ದಂಡೆತ್ತಿ ಬಂದು ಈಚೆಯವರನ್ನು ಊರುಸಮೇತ ಸುಟ್ಟರು ಎಂದು ಅವನು ಪುಸ್ತಕ ಬರೆದ. ಮೂಳೆ ಒಂದೂ ಸಿಕ್ಕಿರಲಿಲ್ಲ. ಇನ್ನೂ ಅಗೆದರೆ ಸಿಕ್ಕಾವು ಎಂದುಕೊಂಡ. ಪುಸ್ತಕಕ್ಕೆ ಹೆಸರು ಬಂತು. ಪ್ರತಿ ವರ್ಷ ವಿದ್ಯಾರ್ಥಿಗಳನ್ನು ಆ ದಿಬ್ಬಕ್ಕೆ ಕರೆದೊಯ್ಯುತ್ತಿದ್ದ. ಅಲ್ಲಿಂದ ಬಂದ ದಿನ ಮನೆಯಲ್ಲಿ ಯಾರೊಡನೆಯೂ ಮಾತಾಡುತ್ತಿರಲಿಲ್ಲ. ಸುಟ್ಟ ಆ ಮನೆಗಳಲ್ಲಿ ಮಕ್ಕಳ ಮಣ್ಣಿನ ಆಟಿಕೆಗಳು ಸಿಕ್ಕಿದ್ದವು.

ಮುಂದೆ ವಿಶ್ವವಿದ್ಯಾಲಯವು ಮೂರು ವಿಭಾಗಗಳನ್ನು ಕೂಡಿಸಿ ಆ ದಿಬ್ಬದ ಮೇಲೆ ಒಂದು ಸಂಶೋಧನಾ ಯೋಜನೆ ಹಾಕಿತು. ರಸಾಯನಶಾಸ್ತ್ರದ ಅಧ್ಯಾಪಕಿಯೊಬ್ಬಳು, ಸಸ್ಯಶಾಸ್ತ್ರದ ಅಧ್ಯಾಪಕನೊಬ್ಬ ಅವನ ಜೊತೆಗೂಡಿದರು. ಅವನಿಗೆ ಅದು ಇಷ್ಟವಿರಲಿಲ್ಲ. ಬೂದಿಯ ಚೀಲಗಳನ್ನು ಇಂದು ಕೊಡುತ್ತೇನೆ, ನಾಳೆ ಕೊಡುತ್ತೇನೆ ಎಂದು ದಿನ ತಳ್ಳಿದ. ಕೊನೆಗೆ ಅವಳೇ ಅವನ ಕೋಣೆಗೆ ಬಂದಳು.

“ಸರ್, ಆ ಊರಿನವರು ಹೇಗೆ ಸತ್ತರೆಂದು ನಿಮಗೂ ತಿಳಿಯಬೇಕಲ್ಲವೇ?” ಎಂದಳು.

ಅವನು ಬೀರುವಿನ ಬೀಗ ತೆಗೆದು ಚೀಲಗಳನ್ನು ಕೊಟ್ಟ.

ಸಸ್ಯಶಾಸ್ತ್ರದವನು ಬೂದಿಯನ್ನು ನೀರಿಗೆ ಹಾಕಿ, ತೇಲಿ ಬಂದದ್ದನ್ನು ಸೋಸಿ ನೋಡಿದ. ಕಣಜವಿದ್ದ ಜಾಗದಲ್ಲಿ ಸುಟ್ಟ ಹೊಟ್ಟು ಇತ್ತು, ಕಾಳು ಇರಲಿಲ್ಲ. ಅವಳು ಗೋಡೆಯ ಮಣ್ಣನ್ನು ಪರೀಕ್ಷಿಸಿದಳು. ಬೆಂಕಿ ಮನೆಯಿಂದ ಮನೆಗೆ ಹಬ್ಬಿದ್ದಲ್ಲ. ಒಂದೊಂದು ಮನೆಗೂ ಒಳಗಿನಿಂದ ಬೇರೆಬೇರೆಯಾಗಿ ಹಚ್ಚಿದ್ದು. ಆಮೇಲೆ ಆಚೆಯ ಊರಿನ ಎಲ್ಲಕ್ಕಿಂತ ಕೆಳಗಿನ, ಅಂದರೆ ಮೊದಮೊದಲ ಪದರದಲ್ಲಿ ಸಿಕ್ಕಿದ್ದ ಮಡಕೆಗಳನ್ನು ತರಿಸಿದಳು. ಅವುಗಳ ಮಣ್ಣು ಈಚೆ ದಂಡೆಯದು.

ಮೂವರೂ ಕೂತ ದಿನ ಅವಳು ಹೇಳಿದಳು: “ಬೂದಿಯ ಕೆಳಗೆ ನೆರೆ ತಂದ ಮೆಕ್ಕಲಿದೆ, ಸರ್. ಇಲ್ಲಿ ಹೊಳೆ ಮೇಲಿಂದ ಮೇಲೆ ಉಕ್ಕಿದೆ. ಇವರು ಕಾಳು ಕಟ್ಟಿಕೊಂಡು, ಮಡಕೆ ಹೊತ್ತುಕೊಂಡು ಆಚೆಯ ಎತ್ತರದ ದಂಡೆಗೆ ಹೋಗಿದ್ದಾರೆ. ಬಿಟ್ಟುಹೋಗುವ ಮನೆಗೆ ಬೆಂಕಿ ಇಡುವುದು ಅವರ ಪದ್ಧತಿಯಿರಬೇಕು.”

“ಹಾಗಾದರೆ ಸತ್ತವರು?” ಎಂದು ಅವನು ಕೇಳಿದ.

“ಯಾರೂ ಸತ್ತಿಲ್ಲ, ಸರ್. ಆಚೆಯವರೇ ಈಚೆಯವರು.”

ಅವನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ಸಿಟ್ಟಾದನೇನೋ ಎಂದು ಅವರಿಬ್ಬರೂ ಹೆದರಿದರು. ಅವನು ಕಣ್ಣೊರೆಸಿಕೊಂಡು, “ಅಬ್ಬಾ! ಮಕ್ಕಳೂ ದಾಟಿದವಲ್ಲ,” ಎಂದ. ಆ ಸಂಜೆ ಮೂವರೂ ಕೂಡಿ ಹೊಳೆಗೆ ಹೋದರು. ಆ ಊರಿನವರು ಎಲ್ಲಿ ದಾಟಿರಬಹುದು ಎಂದು ಅವನು ದಂಡೆಯುದ್ದಕ್ಕೂ ನಡೆಯುತ್ತ ಬಹಳ ಹೊತ್ತು ನೋಡಿದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ವಿರೂಪಾಕ್ಷಿಗೆ ಸಮಾಧಾನವಾಗಲಿಲ್ಲ.

“ಆದರೆ ಅವನ ಪುಸ್ತಕ ಸುಳ್ಳಾಯಿತಲ್ಲ, ಗುರುಗಳೇ?” ಎಂದ.

“ಅದು ನಿಜವಾಗಿ ಉಳಿಯಲೆಂದು ಒಂದು ಊರು ಸಾಯಬೇಕಿತ್ತೇನಪ್ಪ?” ಎಂದರು ಗುರುಗಳು.

ಮರುದಿನ ವಿರೂಪಾಕ್ಷಿ ತನ್ನ ಮಣ್ಣಿನ ಚೀಲಗಳನ್ನು ಪ್ರಯೋಗಶಾಲೆಗೆ ಹೊತ್ತೊಯ್ದ.