ಐದು ಕಾಲಿನ ಹೊರಸು

ಬಹಳ ಹಿಂದಿನ ಮಾತು. ಎಷ್ಟು ಹಿಂದೆ ಅಂತ ಕೇಳಬೇಡಿ. ನನಗೆ ನಮ್ಮಜ್ಜಿ ಹೇಳಿದ್ದು, ಅವಳಿಗೆ ಅವಳಜ್ಜಿ ಹೇಳಿದ್ದು, ಆ ಅಜ್ಜಿಗೂ ಯಾರೋ ಹೇಳಿದ್ದು. ಎರೆಭೂಮಿಯ ನಡುವೆ ಪುಂಡಿಹಾಳ ಅಂತ ಒಂದು ಊರು. ಆ ಊರಿನಲ್ಲಿ ಗಂಗಮಾಳವ್ವ ಅಂತ ಒಬ್ಬಾಕೆ ಇದ್ದಳು. ಹೊರಸು ಹೆಣೆಯುವುದು ಅವಳ ಕಸುಬು. ಕಾಲು, ಚೌಕಟ್ಟು ಬಡಿಗ ಮಾಡಿ ಕೊಡುತ್ತಿದ್ದ. ಪುಂಡಿಯ ನಾರು ಹೊಸೆದು, ಹಗ್ಗ ಮಾಡಿ, ಆ ಬರಿ ಚೌಕಟ್ಟಿನ ತುಂಬ ಹೆಣೆದು ಮನುಷ್ಯರು ಮಲಗುವ ಹಾಗೆ ಮಾಡುವವಳು ಇವಳು. ಅವಳು ಹೆಣೆದ ಹೊರಸಿನ ಮೇಲೆ ಹಲ್ಲುನೋವಿನವನಿಗೂ ನಿದ್ದೆ ಬರುತ್ತಿತ್ತಂತೆ. ಹಾಗಂತಾರೆ.

ಆ ಊರಲ್ಲಿ ಎಲ್ಲರೂ ಹೊರಸಿನ ಮೇಲೇ ಮಲಗಬೇಕು. ಎರೆನೆಲ ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಬಿರುಕಿನೊಳಗಿಂದ ಚೇಳು ಹೊರಗೆ ಬರುತ್ತವೆ. ನೆಲದ ಮೇಲೆ ಮಲಗುವವನು ಒಂದೋ ಸನ್ಯಾಸಿ, ಇಲ್ಲಾ ಹುಚ್ಚ ಅನ್ನುತ್ತಿದ್ದರು. ಇನ್ನೊಂದು ಕಟ್ಟಳೆಯೂ ಇತ್ತು. ಗಂಡ ಹೆಂಡತಿಗೆ ಒಂದೇ ಹೊರಸು. ಎರಡು ಹಾಕಿದರೆ ಸಂಬಂಧ ಹರಿಯಿತು ಅಂತ ಅರ್ಥ. ಪಂಚಾಯ್ತಿ ಬೇಡ, ಬೈದಾಟ ಬೇಡ. ಅತ್ತೆ ಒಂದು ಬೇರೆ ಹೊರಸು ತಂದು ಅಂಗಳದಲ್ಲಿ ಇಟ್ಟಳೆಂದರೆ ಸೊಸೆ ಗಂಟು ಕಟ್ಟಿಕೊಂಡು ತವರಿನ ದಾರಿ ಹಿಡಿಯಬೇಕು.

ಅದಕ್ಕೇ ಗಂಗಮಾಳವ್ವ ಮದುವೆಯ ಹೊರಸನ್ನು ಒಂದು ಹದದಲ್ಲಿ ಹೆಣೆಯುತ್ತಿದ್ದಳು. ನಡುವೆ ಬೇಕೆಂದೇ ಸಡಿಲ ಬಿಟ್ಟು, ಜೋಲು ಬೀಳುವ ಹಾಗೆ. ಎರಡು ಅಂಚಿಗೆ ಇಬ್ಬರೂ ಮುಖ ತಿರುಗಿಸಿ ಮಲಗಿದರೂ ಬೆಳಗಾಗುವುದರೊಳಗೆ ನಡುವಿನ ತಗ್ಗಿಗೆ ಉರುಳಿ ಬಂದಿರುತ್ತಿದ್ದರು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತಾರಲ್ಲ, ಮಲಗಿದ ಮೇಲಿನ ಕೆಲಸ ನನ್ನ ಹಗ್ಗದ್ದು ಅಂತ ಅವಳು ಎಲೆಯಡಿಕೆ ಮೆಲ್ಲುತ್ತ ಹೇಳಿಕೊಳ್ಳುತ್ತಿದ್ದಳಂತೆ. ಅಳತೆಗೆ ಮದುಮಗನನ್ನು ನಿಲ್ಲಿಸಿ ತಲೆಯಿಂದ ಕಾಲಿನ ತನಕ ಹಗ್ಗ ಹಿಡಿಯುವಳು. ಮದುಮಗಳನ್ನು ಅವಳು ನೋಡುತ್ತಿದ್ದದ್ದು ಮದುವೆಯಲ್ಲಿ ಅಕ್ಕಿಕಾಳು ಹಾಕುವ ದಿನವೇ. ಆಕೆಯನ್ನು ಏನು ನೋಡುವುದು, ಮಲಗಲು ಜಾಗ ಇದ್ದರೆ ಸಾಕು ಅಂತ ಊರಿಗೆ ಊರೇ ತಿಳಿದಿತ್ತು, ಇವಳೂ ತಿಳಿದಿದ್ದಳು.

ಹೀಗಿರುವಾಗ ಆ ಊರಿನ ಪೈಲವಾನ ಭರಮಣ್ಣನ ಮದುವೆ ಆಯಿತು. ಭರಮಣ್ಣ ಅಂದರೆ ಆಳಲ್ಲ, ಆನೆ. ಗುಂಡುಕಲ್ಲನ್ನು ಎತ್ತಿ ಹೆಗಲ ಮೇಲಿಂದ ಹಿಂದಕ್ಕೆ ಒಗೆಯುವವನು. ಒಂದು ಹೊತ್ತಿಗೆ ಒಂದು ಬುಟ್ಟಿ ರೊಟ್ಟಿ ತಿನ್ನುತ್ತಿದ್ದ ಅಂತ ಕೆಲವರು, ಅರ್ಧ ಬುಟ್ಟಿ ಅಂತ ಕೆಲವರು. ತಿನ್ನುತ್ತಿದ್ದದ್ದಂತೂ ಖರೆ. ಹೆಂಡತಿ ಚಂಪವ್ವ ಮೆಂತ್ಯದ ಕಟ್ಟಿನಷ್ಟು ಹಗುರ. ಇಬ್ಬರಿಗೂ ಒಬ್ಬರನ್ನೊಬ್ಬರು ಕಂಡರೆ ಜೀವ. ಅವಳು ರೊಟ್ಟಿ ಬಡಿಯುತ್ತಿದ್ದರೆ ಅವನು ಒಲೆಯ ಮುಂದೆ ಕುಳಿತು ಸುಮ್ಮನೆ ನೋಡುತ್ತಿದ್ದನಂತೆ.

ಆದರೆ ಹೊರಸು? ಭರಮಣ್ಣ ಮಲಗಿದ ಕೂಡಲೇ ಆ ಜೋಲು ಬಾವಿಯಾಗುತ್ತಿತ್ತು. ಚಂಪವ್ವ ಉರುಳಿ ಅವನ ಅಡಿಗೆ ಬೀಳುವಳು. ಅವನು ಹೊರಳಿದರೆ ಅವಳು ಮೇಲಕ್ಕೆ ಹಾರುವಳು. ಅಂಚಿನ ಕಟ್ಟಿಗೆಯನ್ನು ಎರಡೂ ಕೈಯಿಂದ ಹಿಡಿದುಕೊಂಡು ಬೆಳಗು ಮಾಡುವಳು. ಹೀಗೆ ತಿಂಗಳು ಕಳೆಯುವುದರೊಳಗೆ ಹುಡುಗಿಯ ಕಣ್ಣು ಗುಳಿಬಿದ್ದವು. ಬೀಸುವ ಕಲ್ಲಿನ ಗೂಟ ಹಿಡಿದುಕೊಂಡೇ ನಿದ್ದೆ ಹೋದಳು. ಬಾವಿಯ ದಂಡೆಯ ಮೇಲೆ ತೂಕಡಿಸಿ ಕೊಡ ಬಿಟ್ಟಳು. ಹಂಚಿನ ಮೇಲಿನ ರೊಟ್ಟಿ ಇದ್ದಿಲಾಯಿತು.

ಅತ್ತೆ ಕಲ್ಲವ್ವ ಹೆಸರಿಗೆ ತಕ್ಕವಳು. ಹಗಲು ಮಲಗುವ ಸೊಸೆ ಮನೆಗೆ ದರಿದ್ರ ಅಂದಳು. ಮೈಗಳ್ಳಿಯನ್ನು ತಂದೆನಲ್ಲ ಅಂತ ಓಣಿಯ ತುಂಬ ಹೇಳಿಕೊಂಡು ಬಂದಳು. ಕಡೆಗೆ, ಉಗಾದಿ ಪಾಡ್ಯದ ದಿನ ಬೇರೆ ಹೊರಸು ಅಂಗಳಕ್ಕೆ ಇಡುತ್ತೇನೆ, ಹೊಸ ವರ್ಷಕ್ಕೆ ಹೊಸ ಸೊಸೆಯನ್ನು ನೋಡುತ್ತೇನೆ ಅಂತ ಹಿರಿಯರ ಮುಂದೆ ಆಡಿಬಿಟ್ಟಳು. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಪೈಕಿ ಅವಳಲ್ಲ.

ಭರಮಣ್ಣ ಬಂದು ಗಂಗಮಾಳವ್ವನ ಕಟ್ಟೆಯ ಮೇಲೆ ಕುಳಿತ. ಕುಳಿತು ಅತ್ತ. ಅಷ್ಟು ದೊಡ್ಡ ಗಂಡಸು ಅತ್ತದ್ದನ್ನು ಅವಳು ಎಂದೂ ನೋಡಿರಲಿಲ್ಲ.

"ನಾ ಉಸಿರು ಹಿಡದ ಮಲಗತೀನಿ ಯವ್ವಾ," ಅಂದ. "ಖರೆ, ನಿದ್ದಿ ಹತ್ತಿತಂದ್ರ ಮೈ ನನ್ನ ಮಾತು ಕೇಳಂಗಿಲ್ಲ."

ಇಬ್ಬರನ್ನು ಕೂಡಿಸಲಿ ಅಂತ ಹೆಣೆದ ಜೋಲು ಇಬ್ಬರನ್ನು ಅಗಲಿಸುತ್ತಿದೆ. ಆ ಹುಡುಗಿ ಹೋದರೆ ಅವಳನ್ನು ಕಳಿಸಿದ್ದು ಕಲ್ಲವ್ವ ಅಲ್ಲ, ನನ್ನ ಹಗ್ಗ ಅಂತ ಗಂಗಮಾಳವ್ವನಿಗೆ ಅನ್ನಿಸಿತು. ಕೂಡಲೇ ಹೋಗಿ ಹೊರಸನ್ನು ಬಿಗಿದಳು. ಡೊಳ್ಳಿನ ಹಾಗೆ ಬಿಗಿದಳು. ಜೋಲು ಹೋಯಿತು. ಆದರೆ ಭರಮಣ್ಣ ಒಂದು ಮಗ್ಗುಲಾದರೆ ಚಂಪವ್ವ ಹಂಚಿನ ಮೇಲಿನ ಜೋಳದ ಅಳ್ಳಿನಂತೆ ಸಿಡಿಯತೊಡಗಿದಳು. ಹಗುರ ಮೈ, ಬಿಗಿ ಹಗ್ಗ, ಎಲುಬೆಲ್ಲ ನೋವು. ಗಂಗಮಾಳವ್ವ ಮತ್ತೆ ಬಿಚ್ಚಿದಳು. ನಡುವೆ ಉದ್ದಕ್ಕೂ ಒಂದು ಜಾಲಿಯ ತೊಲೆ ಕಟ್ಟಿ ಎರಡು ಪಾಲು ಮಾಡಿದಳು. ಕಲ್ಲವ್ವ ನೋಡಿ ನಕ್ಕಳು. ಇದು ಎರಡು ಹೊರಸೇ ಆಯಿತಲ್ಲ, ಅಂಗಳಕ್ಕೆ ಇಡುವ ಕೆಲಸ ಉಳಿಯಿತು ಅಂದಳು. ಆ ಮಾತು ಕೇಳಿ ಚಂಪವ್ವ ತಾನೇ ತೊಲೆಯ ಕಟ್ಟು ಬಿಚ್ಚಿ ಹೊರಗೆ ಒಗೆದಳು.

ಇನ್ನು ಏನು ಮಾಡುವುದು? ಉಗಾದಿಯ ಬೇವು ಚಿಗುರಿತ್ತು. ಗಂಗಮಾಳವ್ವ ಬಾವಿಯ ಹತ್ತಿರ ಚಂಪವ್ವನ ಪಕ್ಕದಲ್ಲಿ ಕುಳಿತಳು. ಇಷ್ಟು ವರ್ಷದಲ್ಲಿ ಯಾವ ಮದುಮಗಳಿಗೂ ಕೇಳದ್ದನ್ನು ಕೇಳಿದಳು.

"ನಿನಗ ಹೆಂಗ ಮಲಗಿದ್ರ ನಿದ್ದಿ ಬರತದವ್ವಾ?"

ಹುಟ್ಟಿದಾಗಿನಿಂದ ಚಂಪವ್ವನಿಗೆ ಯಾರೂ ಹಾಗೆ ಕೇಳಿರಲಿಲ್ಲ. ಕಣ್ಣಲ್ಲಿ ನೀರು ತಂದುಕೊಂಡು, ಸೆರಗಿನಿಂದ ಒರೆಸಿಕೊಂಡು, ಕಡೆಗೆ ಹೇಳಿದಳು.

"ಮೆತ್ತಗಿರಬೇಕ್ರಿ, ಅಳ್ಳಾಡಬಾರದು. ಆದ್ರ ಕೈ ಚಾಚಿದ್ರ ಅವರು ಸಿಗಬೇಕು."

ಇಷ್ಟೇ. ಇಷ್ಟೇ ಅಂದರೆ ಇಷ್ಟೇ ಅಲ್ಲ ಅಂತ ಗಂಗಮಾಳವ್ವನಿಗೆ ಗೊತ್ತಿತ್ತು. ಗೋಡೆಯೂ ಇರಬಾರದು, ಗುಂಡಿಯೂ ಇರಬಾರದು. ಅವಳು ಮನೆಗೆ ಬಂದು ನಾರು ಹೊಸೆಯುತ್ತ ಕುಳಿತಳು. ಊಟ ಸೇರಲಿಲ್ಲ. ಎದುರು ಮನೆಯಾಕೆ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಒಂದೇ ಹಗ್ಗ. ಈ ತುದಿಗೆ ಕೂಸಿನ ತಲೆಯ ಕುಲಾಯಿ ಹಾಕಿದಳು. ಆ ತುದಿಗೆ ನೀರು ಸೋರುವ ಕಂಬಳಿ ಎತ್ತಿ ಒಗೆದಳು. ಕಂಬಳಿ ಬಿದ್ದ ಹೊಡೆತಕ್ಕೆ ಕುಲಾಯಿ ಹಾರಿ ಬೇಲಿಯಲ್ಲಿ ಬಿತ್ತು. ಆಕೆ ಬೈದುಕೊಂಡು ಒಂದು ಕವೆಗೋಲು ತಂದು ಹಗ್ಗದ ನಡುವೆ ಆನಿಸಿ ನಿಲ್ಲಿಸಿದಳು. ಕುಲಾಯಿ ಮತ್ತೆ ಹಾಕಿದಳು, ಇನ್ನೊಂದು ಕಂಬಳಿ ಒಗೆದಳು. ಆ ಕಡೆಯ ಹಗ್ಗ ಜೋತುಬಿತ್ತು. ಈ ಕಡೆಯ ಕುಲಾಯಿ ಮಿಸುಕಲಿಲ್ಲ.

ಗಂಗಮಾಳವ್ವ ಎದ್ದು ಓಡಿದಳು. ವಯಸ್ಸಾದವಳು ಸೆರಗು ಸಿಕ್ಕಿಸಿಕೊಂಡು ಬಡಿಗನ ಮನೆಗೆ ಓಡಿದ್ದನ್ನು ಕಂಡು, ಎಲ್ಲೋ ಬೆಂಕಿ ಬಿದ್ದಿದೆ ಅಂತ ಹಿಂದೆ ನಾಲ್ಕು ಜನ ಕೊಡ ಹಿಡಿದು ಓಡಿದರಂತೆ. ಅವಳು ಬಡಿಗನಿಗೆ ಐದನೆಯ ಕಾಲು ಬೇಕು ಅಂದಳು. ತುದಿಯಲ್ಲಿ ಕವೆ ಇರುವ ಕಾಲು, ಸರಿಯಾಗಿ ನಡುವೆ ನಿಲ್ಲುವ ಕಾಲು. ಬಡಿಗ ಬಿದ್ದು ಬಿದ್ದು ನಕ್ಕ. ನಕ್ಕರೂ ಮಾಡಿ ಕೊಟ್ಟ.

ಅವಳು ಮೊದಲು ಒಂದು ನಡುಹಗ್ಗ ಹೊಸೆದಳು. ಔಡಲೆಣ್ಣೆ ಕುಡಿಸಿ ಹೊಸೆದ ಆ ಹಗ್ಗಕ್ಕೆ ಆನೆ ಕಟ್ಟಿದರೂ ಹರಿಯುತ್ತಿರಲಿಲ್ಲ ಅಂತಾರೆ. ಅದನ್ನು ತಲೆಯ ಕಡೆಯಿಂದ ಕಾಲಿನ ಕಡೆಗೆ ಬಿಗಿದು, ನಡುವೆ ಕವೆಗಾಲಿನ ಮೇಲೆ ಕೂರಿಸಿದಳು. ಭರಮಣ್ಣನ ಕಡೆಗೆ ದಪ್ಪ ಹಗ್ಗ, ಬಿಗಿ ಹೆಣಿಕೆ. ಚಂಪವ್ವನ ಕಡೆಗೆ ಸಣ್ಣ ಹಗ್ಗ, ಸಡಿಲ ಹೆಣಿಕೆ. ಅವನ ಕಡೆಯ ಎಳೆ ನಡುಹಗ್ಗವನ್ನು ಸುತ್ತಿ ಹಿಂದಕ್ಕೆ ಹೋಗಬೇಕು, ಇವಳ ಕಡೆಯ ಎಳೆಯೂ ಸುತ್ತಿ ಹಿಂದಕ್ಕೆ ಬರಬೇಕು. ಒಂದೆಳೆಯೂ ಗಡಿ ದಾಟಬಾರದು. ಹೀಗೆ ಹೆಣೆದರೆ ಅವನ ಭಾರವೆಲ್ಲ ಕವೆಗಾಲಿಗೆ ಬಂದು ನೆಲಕ್ಕೆ ಇಳಿದು ಹೋಗುತ್ತದೆ. ಮೇಲೆ ನೋಡಿದರೆ ಮಾತ್ರ ನಡುವೆ ಏನೂ ಇಲ್ಲ, ಒಂದೇ ಹಾಸು.

ಪಾಡ್ಯದ ದಿನ ಬೇವುಬೆಲ್ಲ ತಿಂದು ಊರವರೆಲ್ಲ ಭರಮಣ್ಣನ ಅಂಗಳಕ್ಕೆ ಬಂದರು. ಕಲ್ಲವ್ವ ಆಡಿದಂತೆ ಬೇರೆ ಹೊರಸು ತಂದು ಇಟ್ಟಿದ್ದಳು. ಚಂಪವ್ವ ಗಂಟು ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಆಗ ಗಂಗಮಾಳವ್ವ ತನ್ನ ಹೊರಸನ್ನು ಹೊರಿಸಿಕೊಂಡು ಬಂದು ಬೇವಿನ ನೆರಳಿಗೆ ಇಳಿಸಿದಳು.

"ಐದು ಕಾಲಿನ ದನಾ ಕಂಡೀಯೇನ?" ಅಂತ ಕಲ್ಲವ್ವ ಕೇಳಿದಳು.

"ದನಾ ಇಬ್ಬರನ್ನ ಮಲಗಿಸಿಕೊಳ್ಳಂಗಿಲ್ಲಲ್ಲ ಯಕ್ಕಾ," ಅಂದಳು ಗಂಗಮಾಳವ್ವ.

ಜನ ನಕ್ಕರು. ಹಿರಿಯರು ನಗಲಿಲ್ಲ. ಇದು ಒಂದು ಹೊರಸೋ ಎರಡೋ ಅಂತ ಅವರಿಗೆ ಅನುಮಾನ. ಎತ್ತಿ ನೋಡಿ, ಎರಡಾಗಿ ಬಂದರೆ ಎರಡು ಅಂದಳು ಗಂಗಮಾಳವ್ವ. ಭರಮಣ್ಣ ಒಂದೇ ಕೈಯಲ್ಲಿ ಎತ್ತಿದ. ಒಂದಾಗಿಯೇ ಬಂತು. ಹಿರಿಯರು ತಲೆಯಾಡಿಸಿದರು. ಆಮೇಲೆ ಅವಳು ಚಂಪವ್ವನ ಕಡೆಯಲ್ಲಿ ಒಂದು ಬಟ್ಟಲು ಇಟ್ಟು ಅಂಚಿನ ತನಕ ಮಜ್ಜಿಗೆ ತುಂಬಿದಳು. ಹಾಲು ಅಂತ ಕೆಲವರು ಹೇಳುತ್ತಾರೆ. ನಮ್ಮಜ್ಜಿ ಮಜ್ಜಿಗೆ ಅನ್ನುತ್ತಿದ್ದಳು, ನನಗೆ ಅವಳ ಮಾತೇ ಖರೆ. ತುಂಬಿಸಿ, ಬೀಳಪ್ಪಾ ಅಂದಳು ಭರಮಣ್ಣನಿಗೆ. ಅವನು ಅಂಜುತ್ತ ಮೆಲ್ಲಗೆ ಕೂರಲು ಹೋದ. ಹಾಗಲ್ಲ, ಕುಸ್ತಿಯಲ್ಲಿ ಬಿದ್ದ ಹಾಗೆ ಬೀಳು ಅಂದಳು.

ಭರಮಣ್ಣ ಬಿದ್ದ. ಬೇವಿನ ಮೇಲಿನ ಕಾಗೆ ಹಾರಿದವು. ಮಜ್ಜಿಗೆ ಒಂದು ಹನಿಯೂ ಚೆಲ್ಲಲಿಲ್ಲ.

ಜನ ಹೋ ಅಂತ ಕೂಗಿದರು. ಕಲ್ಲವ್ವ ಮಾತ್ರ, ಮಜ್ಜಿಗೆಗೇನು ಎಲುಬು ಇದೆಯೇ, ಸೊಸೆ ಮಲಗಿ ಹೇಳಲಿ ಅಂದಳು. ಚಂಪವ್ವ ನಾಚಿಕೊಂಡು ಬಂದಳು. ಊರೆಲ್ಲ ನೋಡುತ್ತಿರುವಾಗ ಗಂಟನ್ನು ತಲೆಯ ಕೆಳಗೆ ಇಟ್ಟುಕೊಂಡು ತನ್ನ ಕಡೆಗೆ ಮಲಗಿದಳು. ಹೇಗಿದೆ ಅಂತ ಹಿರಿಯರು ಕೇಳಿದರು. ಉತ್ತರ ಬರಲಿಲ್ಲ. ಮತ್ತೆ ಕೇಳಿದರು. ಗಂಗಮಾಳವ್ವ ಬಗ್ಗಿ ನೋಡಿದಳು. ಹುಡುಗಿ ನಿದ್ದೆ ಹೋಗಿದ್ದಳು. ಬಾಯಿ ಅರ್ಧ ತೆರೆದು, ಒಂದು ಕೈ ಗಂಡನ ಕಡೆಗೆ ಚಾಚಿ, ಹಾಲು ಕುಡಿದ ಕೂಸಿನ ಹಾಗೆ ನಿದ್ದೆ ಹೋಗಿದ್ದಳು. ಭರಮಣ್ಣ ಆ ಮಗ್ಗುಲಿಂದ ಈ ಮಗ್ಗುಲಿಗೆ ಹೊರಳಿದ. ಅವಳು ಅಲುಗಲಿಲ್ಲ.

ಎಲ್ಲರೂ ಕಲ್ಲವ್ವನ ಮುಖ ನೋಡಿದರು. ಕಲ್ಲವ್ವ ಸೊಸೆಯ ಕಣ್ಣಿನ ಕೆಳಗಿನ ಕಪ್ಪನ್ನು ನೋಡುತ್ತ ನಿಂತಿದ್ದಳು. ಅವಳ ಗಂಡನೂ ಪೈಲವಾನನೇ ಆಗಿದ್ದ. ಅವಳೂ ಒಂದು ಕಾಲಕ್ಕೆ ಸಣ್ಣಾಕಿ. ಅಂಚಿನ ಕಟ್ಟಿಗೆ ಹಿಡಿದು ಅವಳು ಎಷ್ಟು ವರ್ಷ ಬೆಳಗು ಮಾಡಿದ್ದಳೋ. ಸೊಸೆಯ ಬಾಳು ಅಂದರೆ ಹೀಗೇ ಅಂತ ತಿಳಿದು ಯಾರ ಮುಂದೆಯೂ ಆಡಿರಲಿಲ್ಲ. ಅವಳು ಅಂಗಳಕ್ಕೆ ಇಟ್ಟಿದ್ದ ಆ ಬೇರೆ ಹೊರಸನ್ನು ಎಳೆದುಕೊಂಡು ಬಂದು ಬೇವಿನ ಹತ್ತಿರ ಹಾಕಿ, ಅದರ ಮೇಲೆ ಕುಳಿತು, ಸೆರಗಿನಿಂದ ಸೊಸೆಗೆ ಗಾಳಿ ಬೀಸತೊಡಗಿದಳು. ಕೋಳಿ ಬಂದರೆ ಓಡಿಸಿದಳು. ಅಷ್ಟರಲ್ಲಿ ಒಬ್ಬ ಬಳೆಗಾರ ಬಳೆ ಬಳೆ ಅಂತ ಕೂಗುತ್ತ ಓಣಿಗೆ ಬಂದ. ಕಲ್ಲವ್ವ ಬೆರಳನ್ನು ತುಟಿಗೆ ಇಟ್ಟುಕೊಂಡು ಅವನ ಎದುರಿಗೆ ಓಡಿದಳು.

"ಸುಮ್ಮನಿರೋ ಯಪ್ಪಾ," ಅಂದಳು. "ಸೊಸಿ ಮಲಗ್ಯಾಳ."

ಹಿರಿಯರು ಕಾಲಿನ ಕೆರ ಕಳಚಿ ಕೈಯಲ್ಲಿ ಹಿಡಿದುಕೊಂಡು ತುದಿಗಾಲಲ್ಲಿ ಹೊರಗೆ ನಡೆದರು. ಚಂಪವ್ವ ಮರುದಿನ ಹೊತ್ತೇರುವ ತನಕ ಮಲಗಿದ್ದಳಂತೆ. ಎದ್ದವಳು ಅತ್ತೆ ಮಾಡಿಟ್ಟ ಹೋಳಿಗೆಯನ್ನು ಗಂಡನಷ್ಟೇ ತಿಂದಳಂತೆ. ಹಾಗಂತಾರೆ, ನಾನು ಇಲ್ಲ ಅನ್ನುವುದಿಲ್ಲ.

ಆಮೇಲೆ ಗಂಗಮಾಳವ್ವ ಮನೆಮನೆಗೆ ಹೋಗಿ ಹೆಂಗಸರಿಗೆ ಅದೇ ಪ್ರಶ್ನೆ ಕೇಳಿದಳು. ಬಡಿಗನಿಗೆ ಕವೆಗಾಲು ಮಾಡಿ ಮಾಡಿ ಕೈ ಸೋತವು. ಆ ವರ್ಷ ಪುಂಡಿಹಾಳದಲ್ಲಿ ಗಂಡ ಹೆಂಡಿರ ಜಗಳವೇ ಆಗಲಿಲ್ಲ ಅನ್ನುವವರಿದ್ದಾರೆ. ಅದು ಸುಳ್ಳು. ಜಗಳ ಆದವು. ಕಣ್ತುಂಬ ನಿದ್ದೆ ಆದವರ ಜಗಳ, ಬಹಳ ಹುರುಪಿನಿಂದ ಆದವು. ಗಂಗಮಾಳವ್ವ ಎಷ್ಟು ವರ್ಷ ಬಾಳಿದಳು ಅಂತ ಯಾರಿಗೂ ಗೊತ್ತಿಲ್ಲ. ಒಂದು ಮಧ್ಯಾಹ್ನ ತಾನೇ ಹೆಣೆದ ಹೊರಸಿನ ಮೇಲೆ ನಗುತ್ತ ಮಲಗಿದವಳು ಏಳಲಿಲ್ಲ ಅಂತಾರೆ.

ಇವತ್ತಿಗೂ ಆ ಊರಿನಲ್ಲಿ ಮದುವೆಯ ಹೊರಸು ಹೆಣೆಯುವವರು ಮೊದಲು ಮದುಮಗಳ ಊರಿಗೆ ಹೋಗಿ, ನಿನಗ ಹೆಂಗ ಮಲಗಿದ್ರ ನಿದ್ದಿ ಬರತದವ್ವಾ ಅಂತ ಕೇಳುತ್ತಾರೆ. ಹೊರಸು ಮನೆಗೆ ಬಂದ ದಿನ ಅವಳ ಕಡೆಗೆ ಮಜ್ಜಿಗೆಯ ಬಟ್ಟಲು ಇಟ್ಟು ಮದುಮಗನನ್ನು ಬೀಳಿಸುತ್ತಾರೆ. ಉಗಾದಿ ಪಾಡ್ಯದ ಮಧ್ಯಾಹ್ನ ಹೊಸ ಸೊಸೆ ಬಂದ ಮನೆಯ ಮುಂದೆ ಹಾಯುವಾಗ ಊರಗೌಡನಿಂದ ಹಿಡಿದು ಎಲ್ಲರೂ ಕೆರ ಕಳಚಿ ಕೈಯಲ್ಲಿ ಹಿಡಿದುಕೊಳ್ಳುತ್ತಾರೆ. ನೆಲ ಕಾದ ಹಂಚಾಗಿರುತ್ತದೆ, ಆದರೂ ತುದಿಗಾಲಲ್ಲಿ ನಡೆಯುತ್ತಾರೆ. ಊರಿಗೆ ಹೊಸಬರು ಬಂದು ಇದೇನು ಅಂತ ಗಟ್ಟಿಯಾಗಿ ಕೇಳಿದರೆ, ಬಾಗಿಲಲ್ಲಿ ಕಾವಲು ಕುಳಿತ ಅತ್ತೆ ತುಟಿಗೆ ಬೆರಳಿಟ್ಟು ಮೆಲ್ಲಗೆ ಹೇಳುತ್ತಾಳೆ: ಸುಮ್ಮನಿರ್ರಿ, ಸೊಸಿ ಮಲಗ್ಯಾಳ.