ಓಗೊಡದ ಗುಡ್ಡ

ನಮ್ಮೂರು ಕಲ್ಲರಳಿಯ ಬಡಗಣ ದಿಕ್ಕಿಗೆ ಆನೆಯಂತೆ ಮಲಗಿರುವ ಕಲ್ಲುಗುಡ್ಡವನ್ನು ಕಾಣದವನು ಈ ಸೀಮೆಯನ್ನು ನೋಡಿದ್ದೇನೆಂದು ಹೇಳಿಕೊಳ್ಳಬಾರದು. ಸುತ್ತಲಿನ ಊರುಗಳಿಗೂ ಗುಡ್ಡಗಳಿವೆ, ಇಲ್ಲವೆನ್ನುವುದಿಲ್ಲ. ಆದರೆ ಅವೆಲ್ಲ ಕೂಗಿದರೆ ತಿರುಗಿ ಕೂಗುವ ಸಾಮಾನ್ಯ ಗುಡ್ಡಗಳು. ನಮ್ಮದು ಹಾಗಲ್ಲ. ಅದರ ಬುಡದ ಹಾಸುಬಂಡೆಯ ಮೇಲೆ ನಿಂತು ಎದೆ ಬಿರಿಯುವಂತೆ ಕೂಗಿದರೂ ದನಿ ಕಲ್ಲಿನೊಳಗೆ ಇಂಗಿಹೋಗುತ್ತದೆಯೇ ಹೊರತು ಮರಳುವುದಿಲ್ಲ. ಪೇಟೆಯಿಂದ ಬಂದ ಓದಿದವರೊಬ್ಬರು ಬಂಡೆಗಳ ಸಂದುಗಳೇ ಇದಕ್ಕೆ ಕಾರಣವೆಂದು ಹೇಳಿಹೋದರು. ಹೇಳಲಿ. ಸಂದುಗಳು ಪಕ್ಕದ ಗುಡ್ಡಕ್ಕೂ ಇವೆ. ಇದರ ಬಾಯಿ ಕಟ್ಟಿದ್ದು ಕಿನ್ನರಿ ಯಂಕೋಬಜ್ಜನ ಸಾವಿನ ದಿನ ಎನ್ನುತ್ತಾರೆ ನಮ್ಮ ಹಿರಿಯರು.

ಹಿಂದೆ ಒಮ್ಮೆ, ಈ ಸೀಮೆಗೆ ಗಟ್ಟಿ ದೊರೆಯೇ ಇಲ್ಲದ ಕಾಲದಲ್ಲಿ, ಯಂಕೋಬಜ್ಜ ಆ ಹಾಸುಬಂಡೆಯ ಮೇಲೆ ಕುಳಿತು ಊರಿನ ಮಕ್ಕಳಿಗೆ ಪದ ಕಲಿಸುತ್ತಿದ್ದ. ಬಿದಿರಿನ ದಂಡಿಗೆ ಸೋರೆಬುರುಡೆಗಳನ್ನು ಬಿಗಿದ ಅವನ ಕಿನ್ನರಿ ಮಿಡಿದರೆ ಹೊಲದಲ್ಲಿದ್ದವರು ಕುಂಟೆ ನಿಲ್ಲಿಸುತ್ತಿದ್ದರು. ಅಜ್ಜ ಒಂದು ಸಾಲು ನುಡಿಸಿ ಹಾಡುವುದು, ಕೇಳಿದವರು ಎಲ್ಲಿದ್ದರೆ ಅಲ್ಲಿಂದಲೇ ಅದನ್ನು ಹಾಡಿ ಓಗೊಡುವುದು, ಅದೇ ಅವನ ಪಾಠ. ನಡುವೆ ಬೇಕೆಂದೇ ಒಂದು ಸ್ವರ ತಪ್ಪಿಸುತ್ತಿದ್ದ. ತಪ್ಪು ಸಾಲಿಗೆ ಯಾರೂ ಬಾಯಿ ತೆರೆಯಬಾರದು. ತೆರೆದರೆ ಅಜ್ಜ ಕಿನ್ನರಿ ಕೆಳಗಿಟ್ಟು, ಕಿವಿಗೆ ಕೈ ಹಚ್ಚಿ, "ಯಾವ ಕುರಿ ಕೂಗಿತಲೇ ಅದು?" ಎಂದು ಕೇಳುತ್ತಿದ್ದ. ಹೆಚ್ಚು ಸಲ ಕೂಗಿದ ಕುರಿ ತಿಪ್ಪಣ್ಣನ ಮಗಳು ಗಾಳೆವ್ವ. ಅವಳಿಗೆ ದನಿಯಿತ್ತು, ತಾಳ್ಮೆಯಿರಲಿಲ್ಲ. "ಗಾಳೀ, ನಿನ್ನ ಬಾಯಿ ಕಿವಿಗಿಂತ ಮುಂದ ಓಡತೈತಿ. ಒಂದಿನ ನಿನ್ನ ತೋಳದ ಬಾಯಿಗೆ ಹಾಕತೈತಿ ನೋಡು," ಎನ್ನುತ್ತಿದ್ದ ಅಜ್ಜ. ಅವಳು ನಗುತ್ತಿದ್ದಳು.

ಅಜ್ಜನ ಕಿನ್ನರಿಗೆ ಇಡೀ ಊರೇ ಓಗೊಡುತ್ತದೆಂದು ನಮ್ಮವರು ಸಂತೆಸಂತೆಯಲ್ಲಿ ಕೊಚ್ಚಿಕೊಂಡರು. ಕೊಚ್ಚಿಕೊಳ್ಳುವಂಥದ್ದು ಇತ್ತು, ಕೊಚ್ಚಿಕೊಂಡರು. ಆದರೆ ಸಂತೆಯ ಮಾತು ಯಾರ ಕಿವಿಗೆ ಬೀಳುತ್ತದೆಂದು ಯಾರು ಬಲ್ಲರು? ಆ ವರ್ಷ ಲೂಟಿಯ ದಂಡೊಂದು ತೆಂಕಲಿಂದ ಊರೂರು ಸುಟ್ಟುಕೊಂಡು ಬಂತು. ಕಾಳನ್ನು ಒಯ್ದರೆ ಮತ್ತೆ ಬೆಳೆಯಬಹುದು. ಅವರು ಹೆಣ್ಣುಮಕ್ಕಳನ್ನೂ ಹಗ್ಗಕ್ಕೆ ಕಟ್ಟಿ ಒಯ್ಯುತ್ತಿದ್ದರು. ದಿಗಂತದಲ್ಲಿ ಹೊಗೆ ಕಂಡೊಡನೆ ಕಲ್ಲರಳಿಯವರು ಗುಡ್ಡದ ಗವಿ ಸೇರಿದರು. ಮೊಣಕಾಲು ಹೋಗಿದ್ದ ಯಂಕೋಬಜ್ಜ ಏರಲಾರದೆ ಕೆಳಗೇ ಉಳಿದ. ಹೊತ್ತೊಯ್ಯಲು ಬಂದ ತಿಪ್ಪಣ್ಣನನ್ನು, "ನನ್ನ ಹೊರೋ ಹೆಗಲಿಗೆ ಎರಡು ಕೂಸು ಏರಿಸ್ಕೋ. ಅವರು ದಾಟಿಹೋದ ಮ್ಯಾಲೆ ಬಾರಸ್ತೀನಿ. ಓಗೊಟ್ಟು ಇಳೀರಿ," ಎಂದು ಗದರಿ ಕಳಿಸಿದ.

ಗವಿಯೊಳಗೆ ಬಾವಲಿಗಳ ನಾತ, ಬೆವರಿನ ನಾತ. ಹಾಲೂಡಿಸುವ ತಾಯಂದಿರು ಕೂಸುಗಳ ಬಾಯಿಗೆ ಮೊಲೆ ಒತ್ತಿಹಿಡಿದಿದ್ದರು. ಗೊರಸುಗಳ ಸದ್ದು ಕಿವಿಗೆ ಬೀಳುವ ಮುನ್ನವೇ ಅಂಗಾಲಿನ ಕೆಳಗಿನ ಕಲ್ಲು ನಡುಗಿದ್ದು ಗಾಳೆವ್ವನಿಗೆ ತಿಳಿಯಿತು. ಬಂತು, ಹತ್ತಿರವಾಯಿತು, ನಿಂತಿತು. ಆಮೇಲೆ ಏನೂ ಇಲ್ಲ. ಬಹಳ ಹೊತ್ತಿನ ಮೇಲೆ, ಉರಿಬಿಸಿಲಿನಲ್ಲಿ, ಬಂಡೆಯ ಸಂದಿನಿಂದ ಕಿನ್ನರಿಯ ನಾದ ತೂರಿಬಂತು. ಅಜ್ಜ ಹಾಡುತ್ತಿದ್ದ. ಗವಿಯೆಲ್ಲ ಉಸಿರು ಬಿಟ್ಟಿತು.

"ಹೋದ್ರು! ಅಜ್ಜ ಕರಿಯಾಕತ್ತಾನ, ನಡೀರಿ," ಎಂದು ತಿಪ್ಪಣ್ಣ ಎದ್ದ.

ಗಾಳೆವ್ವನ ನಾಲಿಗೆಯೂ ಎದ್ದಿತ್ತು. ಸಾಲು ಗಂಟಲಿಗೆ ಬಂದಾಗ ಅವಳು ತನ್ನ ಬಾಯಿಯನ್ನು ತಾನೇ ಮುಚ್ಚಿಕೊಂಡಳು. ಇನ್ನೊಂದು ಕೈಯಿಂದ ಅಪ್ಪನ ಧೋತರ ಹಿಡಿದಳು.

"ಅಪ್ಪಾ, ಬ್ಯಾಡ. ಸಾಲು ತಪ್ಪೈತಿ."

"ಮುದುಕನ ಕೈ ನಡಗಿರಬೇಕು, ಬಿಡ."

"ನಡಗಿದ್ರ ಎಲ್ಲಾ ಸ್ವರ ನಡಗತಿದ್ವು. ಅದೊಂದ ತಪ್ಪೈತಿ."

ಕೆಳಗೆ ಅಜ್ಜ ಮತ್ತೆ ನುಡಿಸಿದ. ಅದೇ ಜಾಗದಲ್ಲಿ ಅದೇ ಸ್ವರ, ಬೇಕೆಂದೇ ತಪ್ಪಿ ಬಂತು. ತಿಪ್ಪಣ್ಣ ಗವಿಯ ಬಾಯಿಗೆ ಅಡ್ಡ ನಿಂತು ಎಲ್ಲರನ್ನೂ ತಡೆದ. ಕೆಳಗೆ ಅಪರಿಚಿತ ದನಿಯೊಂದು ಗುಡುಗಿತು: "ನಿನ್ನ ಹಾಡಿಗೆ ಊರೇ ಓಗೊಡುತ್ತದಂತೆ. ಎಲ್ಲಿ, ಯಾರೂ ಉಲಿಯುವುದಿಲ್ಲವಲ್ಲ?"

ಅಜ್ಜ ಕೆಮ್ಮಿದ್ದು ಕೇಳಿಸಿತು. ಆಮೇಲೆ, ಗವಿಗೆ ಮುಟ್ಟುವಷ್ಟು ಗಟ್ಟಿಯಾಗಿ, "ನನ್ನ ದೊಡ್ಡಿಯೊಳಗ ಈಗ ಒಂದೂ ಕುರಿ ಉಳಿದಿಲ್ಲರೀ ಸರದಾರ," ಎಂದ.

ಗಾಳೆವ್ವನ ಹಲ್ಲು ಅವಳ ಅಂಗೈಯಲ್ಲೇ ಊರಿತು. ಮೂರನೆಯ ಸಲವೂ ಅಜ್ಜ ತಪ್ಪು ಸಾಲನ್ನೇ ಎತ್ತಿಕೊಂಡ, ಅದು ಮುಗಿಯಲಿಲ್ಲ. ಸೋರೆಬುರುಡೆ ಒಡೆದ ಸದ್ದು, ತಂತಿ ಹರಿದ ಸದ್ದು, ಮತ್ತೊಂದು ಸದ್ದು. ಒಂದೇ ಒಂದು ಚೀತ್ಕಾರ ಸಾಕಿತ್ತು, ಗವಿಯ ಜೀವಗಳೆಲ್ಲ ಹಗ್ಗಕ್ಕೆ ಬೀಳುತ್ತಿದ್ದವು. ಅವಳು ಉಲಿಯಲಿಲ್ಲ. ದಂಡು ಬರಿದಾದ ಮನೆಗಳನ್ನು ಸುಟ್ಟು ದಾಟಿಹೋಯಿತು.

ಹೊತ್ತು ಇಳಿದಾಗ ಕೆಳಗೆ ಬಂದು, ಒಡೆದ ಕಿನ್ನರಿಯ ಮೇಲೆ ಬಿದ್ದಿದ್ದ ಅಜ್ಜನ ತಲೆಯನ್ನು ಗಾಳೆವ್ವ ತೊಡೆಯ ಮೇಲಿಟ್ಟುಕೊಂಡಳು. ಆಗ ಆ ಸಾಲನ್ನು ಸರಿಯಾದ ಸ್ವರದಲ್ಲಿ ಗುಡ್ಡಕ್ಕೆ ಮುಖಮಾಡಿ ಹಾಡಿದಳು. ಅಂದಿನವರೆಗೆ ಪಿಸುಮಾತಿಗೂ ಮರುದನಿ ಕೊಡುತ್ತಿದ್ದ ಗುಡ್ಡ ಓಗೊಡಲಿಲ್ಲ. ಅವಳಂತೆ ಅದೂ ಬಾಯಿ ಬಿಗಿಹಿಡಿದದ್ದು, ಇನ್ನೂ ಬಿಟ್ಟಿಲ್ಲ ಎನ್ನುತ್ತಾರೆ.

ಇಂದಿಗೂ ಹಾಸುಬಂಡೆಯ ನಡುವೆ ಅಜ್ಜ ಕುಳಿತು ಕುಳಿತು ನುಣುಪಾದ ತಗ್ಗೊಂದಿದೆ. ಅದರ ಮೇಲೆ ಯಾರೂ ಕೂರುವುದಿಲ್ಲ. ಬಂದವರು ಗುಡ್ಡವನ್ನು ಪರೀಕ್ಷಿಸಲು ಕೂಗಿಯೇ ಕೂಗುತ್ತಾರೆ. ಕೂಗಿ ಕಾಯುವಾಗ ದನ ಮೇಯಿಸುವವರು ಯಾರಾದರೂ, "ಯಾವ ಕುರಿರೀ ಅದು?" ಎನ್ನುವುದುಂಟು, ನಗಬಹುದು. ಆದರೆ ನಮ್ಮೂರಲ್ಲಿ ಹಾಡು ಕಲಿಯುವವರ ಮೊದಲ ಪಾಠ ನಡೆಯುವುದೂ ಅಲ್ಲಿಯೇ. ಕಲಿಸುವವನು ಅಜ್ಜನ ತಪ್ಪು ಸಾಲನ್ನು ನುಡಿಸುತ್ತಾನೆ. ಮಕ್ಕಳು ಬಾಯಿಗೆ ಕೈ ಒತ್ತಿ, ಕಣ್ಣು ಬಿಟ್ಟು, ಗುಡ್ಡವನ್ನೇ ನೋಡುತ್ತ ನಿಲ್ಲುತ್ತವೆ.