ಬೆರಳಿಗೆ ಸುತ್ತಿದ ನೂಲು

"ಗುರುಗಳೇ, ಎಲ್ಲವೂ ಚೀಟಿ ಬಿದ್ದ ಹಾಗೆ ಆಗುವುದಾದರೆ ಮನುಷ್ಯ ಮಾಡುವುದಕ್ಕೆ ಏನು ಉಳಿಯಿತು?"

ಕೇಳಿದವನು ಮಠದ ಒಬ್ಬ ಶಿಷ್ಯ. ಆ ಮಠದಲ್ಲಿ ವರ್ಷಕ್ಕೊಮ್ಮೆ ಪೆಟ್ಟಿಗೆಯಿಂದ ಒಂದು ಚೀಟಿ ಎತ್ತುತ್ತಿದ್ದರು. ಹೆಸರು ಬಂದವನು ನದಿಯಾಚೆಯ ಪಂಡಿತರ ಬಳಿ ಗಣಿತ ಕಲಿಯಲು ಹೋಗುತ್ತಿದ್ದ. ಮಠಕ್ಕೆ ಸೇರಿದಾಗ ಪ್ರತಿಯೊಬ್ಬನ ಹೆಸರಿನಲ್ಲೂ ಒಂದು ಚೀಟಿ ಪೆಟ್ಟಿಗೆಗೆ ಬೀಳುತ್ತಿತ್ತು. ಆಮೇಲೆ ಒಂದೊಂದು ಅಧ್ಯಾಯ ಕಲಿತು ಒಪ್ಪಿಸಿದಾಗಲೂ ಇನ್ನೊಂದೊಂದು. ಈ ಶಿಷ್ಯನ ಹೆಸರು ಮೂರು ವರ್ಷದಿಂದ ಬಂದಿರಲಿಲ್ಲ. ಮೊದಲ ವರ್ಷ ಬೇಸರಪಟ್ಟ, ಎರಡನೆಯ ವರ್ಷ ಸಿಟ್ಟಾದ, ಮೂರನೆಯ ವರ್ಷ ಪುಸ್ತಕ ಕಟ್ಟಿಟ್ಟು ಜಗಲಿಯಲ್ಲಿ ಕೂತುಬಿಟ್ಟ.

ಗುರುಗಳು ಕತೆ ಹೇಳಿದರು.

ಒಂದು ನಾಡಿನಲ್ಲಿ ಹನ್ನೊಂದು ಊರುಗಳಿದ್ದವು. ಎಲ್ಲಕ್ಕಿಂತ ದೊಡ್ಡದು ದೊಡ್ಡೂರು. ಎಲ್ಲಕ್ಕಿಂತ ಚಿಕ್ಕದು ಕಂಬಳಿ ನೇಯುವವರ ಹಟ್ಟಿ. ದೊಡ್ಡೂರಿಗೆ ನಾಲ್ಕು ದಾರಿ. ಹಟ್ಟಿಗೆ ಒಂದೇ ದಾರಿ, ಅದೂ ಹಟ್ಟಿಗೆ ಬಂದು ಮುಗಿಯುತ್ತಿತ್ತು. ನಾಡಿನಲ್ಲಿ ಎಲ್ಲಿಯೂ ಸಂತೆ ಇರಲಿಲ್ಲ. ಹಟ್ಟಿಯವರು ಕಂಬಳಿ ಹೊತ್ತು ಎರಡು ದಿನ ನಡೆದು ಪರನಾಡಿನ ಸಂತೆಗೆ ಹೋಗಬೇಕಿತ್ತು. ಹೊತ್ತು ತಂದದ್ದನ್ನು ಇವರು ಮತ್ತೆ ಹೊತ್ತುಕೊಂಡು ಹೋಗಲಾರರು ಎಂಬುದು ಅಲ್ಲಿನ ವ್ಯಾಪಾರಿಗಳಿಗೆ ಚೆನ್ನಾಗಿ ಗೊತ್ತಿತ್ತು. ಅವರು ಹೇಳಿದ್ದೇ ಬೆಲೆ. ಹೀಗೇ ನಡೆದರೆ ಇನ್ನು ಕೆಲವು ವರ್ಷಗಳಲ್ಲಿ ಮಗ್ಗ ಬಿಚ್ಚಿ ಅಟ್ಟಕ್ಕೆ ಹಾಕಬೇಕಾಗಿತ್ತು.

ಹಾಗೆಂದು ಹಟ್ಟಿಯವರ ಹೆಮ್ಮೆಗೆ ಏನೂ ಕಡಿಮೆ ಇರಲಿಲ್ಲ. ಹುಣಸೆಬೀಜದ ಗಂಜಿ ಹಚ್ಚಿ ಅವರು ನೇಯ್ದ ಕಂಬಳಿಯ ಮೇಲೆ ನೀರು ಸುರಿದರೆ ಒಂದು ಹನಿ ಕೆಳಗೆ ಇಳಿಯುತ್ತಿರಲಿಲ್ಲ. ಇಂಥದ್ದನ್ನು ಬೇರೆಯವರು ನೇಯಲಿ ನೋಡೋಣ ಎನ್ನುತ್ತಿದ್ದರು. ಬೇರೆಯವರು ಯಾರೂ ನೇಯಲಿಲ್ಲ.

ಒಂದು ವರ್ಷ ನಾಡಗೌಡನು ಒಂದು ಊರಿಗೆ ಸಂತೆ ಕೊಡುವುದಾಗಿ ಸಾರಿಸಿದ. ಹನ್ನೊಂದು ಊರಿನ ಹಿರಿಯರೂ ಬಂದರು. ನಮ್ಮ ಊರೇ ನಾಡಿನ ನಡುವೆ ಇದೆ ಎಂದು ಹನ್ನೊಂದು ಮಂದಿಯೂ ಹೇಳಿದರು. ನಾಡು ಒಂದು, ನಡು ಮಾತ್ರ ಹನ್ನೊಂದು! ನಾಡಗೌಡನಿಗೆ ತಲೆ ಕೆಟ್ಟುಹೋಯಿತು.

ಅವನ ಬಳಿ ಗಣಿತ ಬಲ್ಲ ಒಬ್ಬ ಮುದುಕನಿದ್ದ. ಅವನು ಹೇಳಿದ: "ಇವರನ್ನು ಕೇಳಬೇಡಿ. ಗುರಿಯಿಲ್ಲದೆ ನಡೆಯುವ ಒಬ್ಬನನ್ನು ಕಳಿಸಿ. ಚಿಟಿಕೆ ಅರಿಸಿನವನ್ನು ನೀರಿಗೆ ಹಾಕಿದರೆ ಅದು ಯಾರನ್ನೂ ಕೇಳದೆ ಮೂಲೆಮೂಲೆಯನ್ನೂ ಮುಟ್ಟಿ ಬರುತ್ತದೆ. ಇವನೂ ಹಾಗೇ ಸುತ್ತಲಿ. ಹೆಚ್ಚು ದಾರಿ ಕೂಡುವ ಊರಿಗೆ ಹೆಚ್ಚು ಸಲ ಬಂದೇ ಬರುತ್ತಾನೆ. ಬಂದಾಗಲೆಲ್ಲ ಊರಬಾಗಿಲಲ್ಲಿ ಒಂದು ಕಲ್ಲು ಇಡಲಿ. ಕಲ್ಲುಗುಡ್ಡೆಯ ಜೊತೆ ಯಾರು ವಾದ ಮಾಡುತ್ತಾರೆ?"

ನಿಯಮ ಹೀಗಾಯಿತು. ನಡೆಯುವವನ ಬಳಿ ಒಂದು ಚೀಲ, ಚೀಲದಲ್ಲಿ ಹುಣಸೆಬೀಜ. ಊರಿನಿಂದ ಹೊರಡುವ ದಾರಿ ಎಷ್ಟೋ ಅಷ್ಟು ಬೀಜ. ಮೊದಲ ದಾರಿಯ ಬೀಜಕ್ಕೆ ಒಂದು ಗೀರು, ಎರಡನೆಯದಕ್ಕೆ ಎರಡು. ಜನ ನೋಡುತ್ತಿರುವಾಗ ಅವನು ಕಣ್ಣು ಮುಚ್ಚಿ ಒಂದನ್ನು ತೆಗೆಯಬೇಕು. ಬೀಜ ತೋರಿಸಿದ ದಾರಿಯಲ್ಲಿ ಮುಂದಿನ ಊರಿಗೆ ನಡೆಯಬೇಕು. ಜನ ನಡೆದಾಡುವ ದಾರಿಯೆಲ್ಲ ದಾರಿಯೇ. ಮೂರು ವರ್ಷ ಮುಗಿದಾಗ ಯಾವ ಊರಿನ ಗುಡ್ಡೆ ದೊಡ್ಡದೋ ಆ ಊರಿಗೆ ಸಂತೆ.

ಇದಕ್ಕೆ ಸುಳ್ಳಾಡದವನು ಬೇಕಾಗಿತ್ತು. ಹತ್ತು ಊರಿನವರೂ ಹಟ್ಟಿಯ ಒಬ್ಬ ನೇಕಾರನ ಹೆಸರು ಹೇಳಿದರು. ಅವನು ಸುಳ್ಳಾಡದವನು ಎಂಬುದು ನಿಜ. ಒಂದೇ ದಾರಿಯ ಹಟ್ಟಿಗೆ ಹೇಗೂ ಸಂತೆ ಸಿಗುವುದಿಲ್ಲ, ಪಾಪ, ಅವನಿಗೆ ಆಸೆಯೂ ಇರುವುದಿಲ್ಲ ಎಂಬುದು ಅವರು ಬಾಯಿಬಿಟ್ಟು ಹೇಳದ ಮಾತು.

ನೇಕಾರ ಮೊದಲ ದಿನ ದೊಡ್ಡೂರಿನಲ್ಲಿ ಚೀಲಕ್ಕೆ ಕೈ ಹಾಕಿದ. ಹಾಕಿದವನು ಬೆಚ್ಚಿಬಿದ್ದ. ಕಣ್ಣು ಮುಚ್ಚಿದ್ದರೂ ಅವನಿಗೆ ಎಲ್ಲ ಬೀಜವೂ ಕಾಣುತ್ತಿತ್ತು. ಅವನದು ನಲವತ್ತು ವರ್ಷ ಮಗ್ಗದಲ್ಲಿ ಪಳಗಿದ ಬೆರಳು. ಕೂದಲೆಳೆಯಷ್ಟು ನೂಲು ಹರಿದರೂ ತಡವಿ ಹುಡುಕುವ ಬೆರಳಿಗೆ ಗೀರು ಎಣಿಸುವುದು ಯಾವ ಮಹಾ ಕೆಲಸ? ಬೇಕಾದ ದಾರಿಯನ್ನು ಅವನು ಆರಿಸಿಕೊಳ್ಳಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಅವನು ಕೈಯನ್ನು ಹೊರಗೆ ತೆಗೆದ. ಸೊಂಟದಲ್ಲಿದ್ದ ಉಣ್ಣೆಯ ನೂಲನ್ನು ಬಿಚ್ಚಿ ಐದು ಬೆರಳಿಗೂ ದಪ್ಪಗೆ ಸುತ್ತಿದ. ಮತ್ತೆ ಕೈ ಹಾಕಿದ. ಈಗ ಏನೂ ತಿಳಿಯಲಿಲ್ಲ. ಅಂದಿನಿಂದ ಪ್ರತಿ ಊರಿನಲ್ಲೂ ಹಾಗೇ ಮಾಡಿದ. ಹಟ್ಟಿಯವರ ದೇವರಿಗೆ ಏನೋ ಹರಕೆ ಇರಬೇಕು ಎಂದುಕೊಂಡು ಜನ ಸುಮ್ಮನಾದರು.

ನಾಲ್ಕು ತಿಂಗಳಾಯಿತು. ದೊಡ್ಡೂರಿನ ಗುಡ್ಡೆ ಮೊಣಕಾಲು ಮುಟ್ಟಿತು. ಹಟ್ಟಿಯಲ್ಲಿ ಮೂರೇ ಕಲ್ಲು. ನಾಲ್ಕನೆಯ ಕಲ್ಲು ಇಡಲು ಬಂದ ದಿನ ಮಗಳು ಅವನ ಕೈಗೆ ಮಜ್ಜಿಗೆ ಕೊಟ್ಟು ಎದುರಿಗೆ ಕೂತಳು. ಬೆರಳಿನ ನೂಲಿನ ಗುಟ್ಟು ಗೊತ್ತಿದ್ದದ್ದು ಅವಳೊಬ್ಬಳಿಗೇ.

"ಅಪ್ಪಾ, ಆ ನೂಲು ಬಿಚ್ಚಿಬಿಡು ಅಂತ ನಾನು ಹೇಳೋದಿಲ್ಲ."

"ಹೇಳಿದರೂ ಬಿಚ್ಚೋದಿಲ್ಲ, ಮಗಳೇ."

"ಗೊತ್ತು. ಒಂದು ಮಾತು ಹೇಳು. ನಮ್ಮ ಹಟ್ಟಿಗೆ ಇನ್ನೊಂದು ದಾರಿ ಇದ್ದರೆ ಚೀಲಕ್ಕೆ ಇನ್ನೊಂದು ಬೀಜ ಬೀಳುತ್ತೋ ಇಲ್ಲವೋ?"

"ಜನ ನಡೆದಾಡುವ ದಾರಿಯಾದರೆ ಬೀಳುತ್ತೆ."

ನೇಕಾರ ತನ್ನ ಒಂದೇ ದಾರಿ ಹಿಡಿದು ಹೊರಟುಹೋದ.

ಹಟ್ಟಿಯ ಹೆಂಗಸರು ಅಂಗಳದಲ್ಲಿ ಕೂತು ತಕಲಿಯಲ್ಲಿ ಉಣ್ಣೆ ನೂಲುತ್ತಿದ್ದರು. ಮಗಳು ಅವರನ್ನು ಎಬ್ಬಿಸಿದಳು. ನೂಲುವ ಕೈಗೆ ಕೂತರೂ ಒಂದೇ, ನಡೆದರೂ ಒಂದೇ, ಏಳಿ ಎಂದಳು. ಮರುದಿನದಿಂದ ಅವರು ತಕಲಿ ತಿರುಗಿಸುತ್ತಾ, ಹೆಗಲ ಮೇಲೆ ಒಂದೊಂದು ಕಂಬಳಿ ಹಾಕಿಕೊಂಡು ನಡೆದರು. ಐದು ಗುಂಪಾಗಿ ಐದು ಊರಿನ ಕಡೆಗೆ, ಕಲ್ಲು ಮುಳ್ಳು ಸರಿಸುತ್ತಾ, ದಾರಿಯೇ ಇಲ್ಲದ ಕಡೆ. ಬೆಳಿಗ್ಗೆ ಹೋಗಿ ಸಂಜೆಗೆ ಬರುತ್ತಿದ್ದರು. ನೂಲೂ ಆಗುತ್ತಿತ್ತು. ದಾರಿಯೂ ಆಗುತ್ತಿತ್ತು. ನಕ್ಕವರು ನಕ್ಕರು. ಹೊರಟವರು ನಿಲ್ಲಲಿಲ್ಲ.

ಆ ವರ್ಷ ಮುಗಿಯುವ ಹೊತ್ತಿಗೆ ನೇಕಾರ ಒಂದು ಊರಿನಲ್ಲಿ ದಾರಿ ಎಣಿಸುತ್ತಿದ್ದ. ಹಿಂದಿನ ಸಲ ಎರಡಿದ್ದವು, ಈಗ ಮೂರು. ಅವರೆಯ ಹೊಲದ ಬದುವಿನಲ್ಲಿ ಹೊಸ ಕಾಲುದಾರಿಯೊಂದು ಬೆಳ್ಳಗೆ ಕಾಣುತ್ತಿತ್ತು. ಯಾರದು ಎಂದು ಕೇಳಿದ. ನಿಮ್ಮ ಹಟ್ಟಿ ಹೆಂಗಸರದು, ಈಗ ನಾವೂ ಅದರಲ್ಲೇ ಕಂಬಳಿ ತರೋಕೆ ಹೋಗ್ತೀವಿ ಎಂದರು ಆ ಊರಿನವರು. ನೇಕಾರನ ಕಣ್ಣು ತುಂಬಿತು. ಮೂರು ಗೀರಿನ ಬೀಜವನ್ನು ಚೀಲಕ್ಕೆ ಹಾಕಿ, ಬೆರಳಿಗೆ ಎಂದಿಗಿಂತ ದಪ್ಪಗೆ ನೂಲು ಸುತ್ತಿದ.

ಆ ದಿನ ಬೀಜ ಅವನನ್ನು ಹಟ್ಟಿಗೆ ಕಳಿಸಲಿಲ್ಲ. ಬೇರೆ ಕಡೆ ಕಳಿಸಿತು. ಅವನು ಬೇರೆ ಕಡೆಗೇ ನಡೆದ. ಆದರೆ ಐದು ಊರಿನಲ್ಲಿ ಐದು ಹೊಸ ಬೀಜಗಳಿದ್ದವು. ಇಂದಲ್ಲದಿದ್ದರೆ ನಾಳೆ, ಆ ಊರಿನಿಂದಲ್ಲದಿದ್ದರೆ ಈ ಊರಿನಿಂದ, ಅವನ ಕಾಲು ಮತ್ತೆ ಮತ್ತೆ ಹಟ್ಟಿಗೆ ಬರತೊಡಗಿತು. ಎರಡನೆಯ ವರ್ಷ ಹಟ್ಟಿಯ ಗುಡ್ಡೆ ಮೊಣಕಾಲು ದಾಟಿತು, ಮೂರನೆಯ ವರ್ಷ ಸೊಂಟ ಮುಟ್ಟಿತು.

ಮೂರು ವರ್ಷ ಮುಗಿದ ದಿನ ನಾಡಗೌಡ ಎಲ್ಲ ಊರಿನವರನ್ನೂ ಹಟ್ಟಿಯಲ್ಲಿ ಸೇರಿಸಿ ಕಲ್ಲಿನ ಲೆಕ್ಕ ಹೇಳಿದ. ಹಟ್ಟಿಯದು ದೊಡ್ಡೂರಿಗಿಂತ ಒಂಬತ್ತು ಕಲ್ಲು ಹೆಚ್ಚು.

ದೊಡ್ಡೂರಿನ ಯಜಮಾನ ಎದ್ದು ನಿಂತ. "ಇದು ಮೋಸ. ಗುಡ್ಡೆ ಬೆಳೆಸೋದಕ್ಕೆ ಅಂತಲೇ ಆ ಹೆಂಗಸರು ದಾರಿ ಮಾಡಿದ್ದಾರೆ."

ನಾಡಗೌಡ ಅವನ ಹೆಗಲು ನೋಡಿದ. ಅಲ್ಲಿ ಹಟ್ಟಿಯ ಕಂಬಳಿ ಇತ್ತು. "ಅದನ್ನು ಯಾವ ದಾರಿಯಲ್ಲಿ ತಂದಿರಿ, ಯಜಮಾನರೇ?"

ಸೇರಿದ ಜನ ನಕ್ಕರು. ಯಜಮಾನನ ಮುಖ ಕೆಂಪಾಯಿತು. ಅವನು ನೇಕಾರನ ಕಡೆ ಕೈ ತೋರಿಸಿದ. "ಹಾಗಾದರೆ ಇದನ್ನು ಕೇಳಿ. ಇವನು ನೇಕಾರ. ಇವನ ಬೆರಳಿಗೆ ಗೀರು ತಿಳಿಯೋದಿಲ್ಲವೇ?"

ನೇಕಾರನ ಮಗಳು ಅಪ್ಪನ ಕಡೆ ನೋಡಿದಳು. ತಿಳಿಯುವುದಿಲ್ಲ ಎಂದುಬಿಟ್ಟರೆ ಸಂತೆ ಹಟ್ಟಿಗೆ ಬಂದಂತೆಯೇ.

"ತಿಳಿಯುತ್ತೆ," ಎಂದ ನೇಕಾರ.

ಅವನು ಕಣ್ಣು ಮುಚ್ಚಿದ. ಬರಿಗೈಯನ್ನು ಚೀಲಕ್ಕೆ ಹಾಕಿದ. ನಾಲ್ಕು ಎಂದ, ನಾಲ್ಕು ಗೀರಿನ ಬೀಜ ಬಂತು. ಒಂದು ಎಂದ, ಒಂದು ಬಂತು. ಹಟ್ಟಿಯ ಆರು ಬೀಜವನ್ನೂ ಒಂದೂ ತಪ್ಪದೆ ಹೇಳಿ ಹೇಳಿ ತೆಗೆದ. ಜನ ದಂಗಾದರು. ನೋಡಿದಿರಾ ಎಂದು ಯಜಮಾನ ಎರಡೂ ಕೈ ಎತ್ತಿದ.

ಆಗ ದೊಡ್ಡೂರಿನವಳೇ ಆದ ಒಬ್ಬ ಮುದುಕಿ ಕೇಳಿದಳು: "ಹಾಗಾದರೆ ಆ ನೂಲು ಯಾಕಪ್ಪಾ? ಬಂದಾಗೆಲ್ಲ ನನ್ನ ಮನೆ ಮುಂದೆ ನಿಂತು ಬೆರಳಿಗೆ ಸುತ್ತಿಕೊಳ್ಳುತ್ತಿದ್ದೆಯಲ್ಲ?"

ನಮ್ಮೂರಲ್ಲೂ ಸುತ್ತಿಕೊಳ್ಳುತ್ತಿದ್ದ ಎಂದ ಇನ್ನೊಬ್ಬ. ನಮ್ಮೂರಲ್ಲೂ ಎಂದ ಮತ್ತೊಬ್ಬ. ಹತ್ತು ಊರಿನ ಜನವೂ ಅದನ್ನೇ ಹೇಳಿತು. ಹೇಳುತ್ತಾ ಹೇಳುತ್ತಾ ಅವರಿಗೆ ಅದರ ಅರ್ಥವಾಯಿತು. ನೇಕಾರ ಸೊಂಟದಿಂದ ಸವೆದ ನೂಲನ್ನು ತೆಗೆದು ನಾಡಗೌಡನ ಮುಂದೆ ಇಟ್ಟ. ತಲೆ ಎತ್ತಿಯೇ ನಿಂತಿದ್ದ. ಅವನ ಪಕ್ಕದಲ್ಲಿ ಮಗಳು ಬಂದು ನಿಂತಳು. ಅವಳ ತಲೆಯೂ ಬಗ್ಗಿರಲಿಲ್ಲ.

ಸಂತೆ ಹಟ್ಟಿಗೆ ಬಂತು. ಮೊದಲ ಸಂತೆಯ ದಿನ ಆರು ದಾರಿಯಲ್ಲೂ ಜನ ಬಂದರು. ಹಟ್ಟಿಯ ಒಂದು ಮಗ್ಗವನ್ನೂ ಬಿಚ್ಚಬೇಕಾಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಕೇಳಿದ: "ಹಾಗಾದರೆ ಗುರುಗಳೇ, ಸಂತೆ ತಂದದ್ದು ಚೀಲದ ಬೀಜವೋ, ಹೆಂಗಸರ ಕಾಲೋ?"

ಗುರುಗಳು ಅವನ ಕಡೆ ತಿರುಗಿದರು. "ಪೆಟ್ಟಿಗೆಯಲ್ಲಿ ನಿನ್ನ ಹೆಸರಿನ ಚೀಟಿ ಎಷ್ಟಿವೆ?"